ಮಳೆ ಬಾರದಿದ್ದರೆ ತಪ್ಪು ಯಾರದು?

ಜಗಳೂರಿನ ಕಡೆ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಕಾರಣ ಹುಡುಕುತ್ತ ಕೂರುತ್ತದೆ. ಮೊದಲು ಹಗುರಾದ ಉಪಾಯಗಳು. ಮಕ್ಕಳು ಗುರ್ಜಿ ಹೊತ್ತು ಮನೆಮನೆ ತಿರುಗಿ ತಲೆಮೇಲೆ ನೀರು ಸುರಿಸಿಕೊಳ್ಳುತ್ತಾರೆ. ಕಪ್ಪೆಗಳಿಗೋ ಕತ್ತೆಗಳಿಗೋ ಓಲಗ ಊದಿಸಿ ಮದುವೆ ಮಾಡುತ್ತಾರೆ. ವಾರದ ಸಂತೆಯನ್ನು ಬೇರೆ ಜಾಗಕ್ಕೆ ಎತ್ತುತ್ತಾರೆ. ಇಷ್ಟಾದರೂ ಮೋಡ ಕರಗದಿದ್ದರೆ ಕಟ್ಟೆಯ ಮೇಲಿನ ಮಾತು ಸ್ಮಶಾನದ ಕಡೆ ಹೊರಳುತ್ತದೆ. ತೊನ್ನು ಇದ್ದವರನ್ನು ಹೂತರೆ ಮಳೆ ನಿಲ್ಲುತ್ತದೆ ಎಂಬ ನಂಬಿಕೆ ಚಿತ್ರದುರ್ಗ, ದಾವಣಗೆರೆ ಸೀಮೆಯ ಬಯಲು ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ. ಅಂಥವರ ಗುಂಡಿ ಅಗೆದು, ಹೆಣ ಹೊರತೆಗೆದು ಸುಟ್ಟ ಸುದ್ದಿ ಬರಗಾಲದ ದಿನಗಳಲ್ಲಿ ಪತ್ರಿಕೆಗಳ ಒಳಪುಟಗಳಲ್ಲಿ ಬಂದುಹೋಗಿದೆ.

ಕಪ್ಪೆ ಮದುವೆಯನ್ನು ನೋಡಿ ನಗಬಹುದು. ಊಟವೂ ಸಿಗುತ್ತದೆ. ಹೆಣ ಅಗೆಯುವುದರಲ್ಲಿ ನಗುವಂಥದ್ದೇನೂ ಇಲ್ಲ. ಆದರೆ ಎರಡರ ಹಿಂದೆಯೂ ಇರುವುದು ಒಂದೇ ಪ್ರಶ್ನೆ: ಯಾಕೆ ಹೀಗಾಯ್ತು? ಈ ‘ಯಾಕೆ’ ನಮ್ಮ ಬಾಯಲ್ಲಿ ಬಲುಬೇಗ ‘ಯಾರಿಂದ’ ಆಗಿಬಿಡುತ್ತದೆ. ಯಾರದೋ ಪಾಪ, ಯಾರದೋ ಕಾಲ್ಗುಣ, ಯಾರದೋ ಕಣ್ಣು. ಆ ‘ಯಾರೋ’ ಎಂದೂ ಊರಿನ ದೊಡ್ಡ ಮನೆಯವರಾಗಿರುವುದಿಲ್ಲ. ಗಂಡ ಸತ್ತವಳು, ಮೈಬಣ್ಣ ಕೆಟ್ಟವನು, ತಿರುಗಿ ಮಾತಾಡಲಾರದವರು. ಸತ್ತವರಂತೂ ಇನ್ನೂ ಅನುಕೂಲ.

ವಿಜ್ಞಾನದಿಂದ ಸಮಾಜಕ್ಕೇನು ಲಾಭ ಎಂದರೆ ಥಟ್ಟನೆ ಮೊಬೈಲು, ಮೋಟಾರು, ಮಾತ್ರೆ ಎನ್ನುತ್ತೇವೆ. ಅವೆಲ್ಲ ನಿಜ. ಅವಕ್ಕಿಂತ ಹಿಂದಿನ ಉಪಕಾರ ಇನ್ನೊಂದಿದೆ. ಅದು ತಪ್ಪನ್ನು ಮನುಷ್ಯನ ತಲೆಯಿಂದ ಇಳಿಸಿ ಕಾರಣದ ಮೇಲೆ ಇಡುತ್ತದೆ. ತೊನ್ನು ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳು ನಾಶವಾಗುವುದು. ಬಹುಪಾಲು ಸಂದರ್ಭಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅವುಗಳ ಮೇಲೆ ತಿರುಗಿಬೀಳುವುದು. ಅದು ಅಂಟುವುದಿಲ್ಲ. ಇನ್ನು ಮಳೆ: ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಸಹ್ಯಾದ್ರಿಯನ್ನು ಹತ್ತುವಾಗಲೇ ತನ್ನ ಭಾರದ ಬಹುಪಾಲನ್ನು ಇಳಿಸಿಕೊಳ್ಳುತ್ತದೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳ ಅರೆಮಲೆನಾಡಿಗೆ ಒಂದಿಷ್ಟು ಸಿಕ್ಕಿದರೆ ಜಗಳೂರಿಗೆ ತಲುಪುವ ಹೊತ್ತಿಗೆ ಗಾಳಿ ಬರಿಗೈ. ಅದು ಮಳೆನೆರಳಿನ ನಾಡು. ಪೆಸಿಫಿಕ್ ಸಾಗರ ಬೆಚ್ಚಗಾದ ಎಲ್ ನಿನೋ ವರ್ಷಗಳಲ್ಲಿ ಆ ಬರಿಗೈಯೂ ಹಲವು ಸಲ ಹಿಂದಕ್ಕೆ ಸರಿಯುತ್ತದೆ. ಇಷ್ಟು ದೊಡ್ಡ ಲೆಕ್ಕಾಚಾರದಲ್ಲಿ ಮಣ್ಣಲ್ಲಿ ಮಲಗಿರುವ ಒಬ್ಬನ ಮೈಮೇಲಿನ ಬಿಳಿ ಕಲೆಗೆ ಜಾಗವೆಲ್ಲಿ?

ಮೌಢ್ಯದ ಅಮಾನುಷ ಆಚರಣೆಗಳನ್ನು ತಡೆಯಲು ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು. 2020ರಲ್ಲಿ ಅದು ಜಾರಿಗೆ ಬಂತು. ಕಾಯ್ದೆ ಕೈ ಹಿಡಿದು ನಿಲ್ಲಿಸಬಲ್ಲದು. ‘ಹಾಗಾದರೆ ಮಳೆ ಯಾಕೆ ಬರಲಿಲ್ಲ?’ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಉತ್ತರ ಹೇಳುವವರು ಇಬ್ಬರಿದ್ದಾರೆ. ಹೊನ್ನಾಳಿಯ ಹೊಳೆದಂಡೆಯ ರೈತರ ಕಿವಿಗೆ ಪ್ರತಿವರ್ಷ ಮೈಲಾರದ ಕಾರಣಿಕ, ಅಂದರೆ ವರ್ಷದ ಭವಿಷ್ಯನುಡಿ, ಬೀಳುತ್ತದೆ. ಭರತ ಹುಣ್ಣಿಮೆಯ ನಂತರ ಗೊರವಯ್ಯ ಎತ್ತರದ ಬಿಲ್ಲೇರಿ, ‘ಸದ್ದಲೇ’ ಎಂದು ಜನಸಾಗರವನ್ನು ಸುಮ್ಮನಾಗಿಸಿ, ಒಂದೇ ಸಾಲು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಕ್ಷಣದ ನಿಶ್ಶಬ್ದವನ್ನು ಯಾವ ಹವಾಮಾನ ಇಲಾಖೆಯೂ ತರಲಾರದು. ಇನ್ನೊಂದು ಕಡೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ್ದು. ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಅದರ ಮಳೆಮಾಪಕಗಳಿವೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಮಾಡಿದರೆ ಮುನ್ಸೂಚನೆ ಸಿಗುತ್ತದೆ.

ಎರಡೂ ತಪ್ಪುತ್ತವೆ. ಆದರೆ ತಪ್ಪುವ ರೀತಿ ಬೇರೆ. ಕಾರಣಿಕದ ಮಾತು ಎತ್ತ ಬೇಕಾದರೂ ಬಾಗುತ್ತದೆ. ಮಳೆ ಬಂದರೂ ಅದೇ ಮಾತು, ಬಾರದಿದ್ದರೂ ಅದೇ ಮಾತು, ಅರ್ಥ ಹೇಳುವವರು ಬದಲಾಗುತ್ತಾರೆ ಅಷ್ಟೆ. ಮುನ್ಸೂಚನೆ ತಪ್ಪಿದರೆ ಮಳೆಮಾಪಕದ ಮಿಲಿಮೀಟರಿನಲ್ಲೇ ಸಿಕ್ಕಿಬೀಳುತ್ತದೆ. ತನ್ನ ಸುಳ್ಳನ್ನು ತಾನೇ ಹಿಡಿಯಲು ಜಾಗ ಬಿಟ್ಟುಕೊಂಡ ಮಾತನ್ನು ಮಾತ್ರ ವಿಜ್ಞಾನ ಎನ್ನಬೇಕೆಂದು ಕಾರ್ಲ್ ಪಾಪ್ಪರ್ ವಾದಿಸಿದ. ಹೊನ್ನಾಳಿಯ ರೈತನಿಗೆ ಪಾಪ್ಪರ್ ಗೊತ್ತಿರಬೇಕಾಗಿಲ್ಲ. ಬೈಯಲು ಯಾರಿಗೆ ಫೋನ್ ಮಾಡಬಹುದು ಎಂಬುದು ಗೊತ್ತಿದೆ.

ಚನ್ನಗಿರಿಯ ಅಡಿಕೆ ಬೆಳೆಗಾರನ ಕೈಯಲ್ಲಂತೂ ವಿಜ್ಞಾನ ಕತ್ತಿಯ ರೂಪದಲ್ಲೇ ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಹದ ಬಂತೋ ಇಲ್ಲವೋ ನೋಡಲು ತಿಕ್ಕಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ; ಸುಣ್ಣ ಸೇರಿಸಬೇಕು. ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗ ಯಾವ ಲ್ಯಾಬಿನಲ್ಲಿದೆ? ಫ್ರಾನ್ಸಿನ ದ್ರಾಕ್ಷಿ ತೋಟಗಳ ಈ ಔಷಧಿಯನ್ನು ನಮ್ಮ ಅಡಿಕೆ ಗೊನೆಗೆ ಒಗ್ಗಿಸಿದವರು ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್. ಕೊಳೆರೋಗದ ಬಗ್ಗೆ ಅವರ ವರದಿ ಅಚ್ಚಾದದ್ದು 1910ರಲ್ಲಿ. ತೋಟಕ್ಕೆ ದೃಷ್ಟಿಬೊಂಬೆ ಕಟ್ಟಿದ ರೈತನೇ ಕತ್ತಿಯನ್ನೂ ಅದ್ದುತ್ತಾನೆ. ಆದರೆ ಬೊಂಬೆಯನ್ನು ನಂಬಿ ಯಾರೂ ಸುಣ್ಣ ಕಡಿಮೆ ಮಾಡಿದ್ದು ಕಾಣೆ.

ಇದೇ ಜಾಣತನ ಬೋರ್‌ವೆಲ್ ಹತ್ತಿರ ಎಲ್ಲಿ ಹೋಗುತ್ತದೋ! ಜಾಗ ತೋರಿಸಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡವನು ಬರುತ್ತಾನೆ. ಕಾಯಿ ಎದ್ದು ನಿಂತಲ್ಲಿ ಲಾರಿ ನಿಲ್ಲುತ್ತದೆ. ನೀರು ಬಿದ್ದರೆ ಅವನ ಹೆಸರು ಹತ್ತೂರಿಗೆ. ಬೀಳದಿದ್ದರೆ ರೈತನ ಹಣೆಬರಹ. ವಿಫಲವಾದ ಕೊಳವೆಗಳ ಲೆಕ್ಕ ಇಟ್ಟವರಿಲ್ಲ. ಬಂಡೆ ಕೊರೆಯುವ ಯಂತ್ರ ವಿಜ್ಞಾನದ ಮಗು, ಜಾಗ ಹೇಳಿದ್ದು ಕಾಯಿ. ನಾವು ವಿಜ್ಞಾನದಿಂದ ಸಲಕರಣೆ ತೆಗೆದುಕೊಂಡು ಅದರ ಪ್ರಶ್ನೆಯನ್ನು ಬಿಟ್ಟು ಬಂದಿದ್ದೇವೆ.

ಅದರ ಬೆಲೆ ತೆತ್ತದ್ದು ಜಗಳೂರು. ಕೆರೆ ಬತ್ತಿದಂತೆ ಕೊಳವೆ ಆಳಕ್ಕಿಳಿಯಿತು. ಗ್ರಾನೈಟು, ನೈಸ್ ಶಿಲೆಗಳ ಸಂದಿಯಲ್ಲಿ ಬಹುಕಾಲ ನಿಂತ ನೀರು ಮೇಲೆ ಬಂತು. ಆ ಕಲ್ಲುಗಳ ಖನಿಜದಿಂದ ಕರಗಿದ ಫ್ಲೋರೈಡ್ ಕೂಡ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ ಗರಿಷ್ಠ 1.5. ಮೀರಿದರೆ ಹಲ್ಲು ಮೂಡುವ ವಯಸ್ಸಿನ ಮಕ್ಕಳಿಗೆ ಕಂದು ಪಟ್ಟೆಯ ಹಲ್ಲು. ವರ್ಷಗಟ್ಟಲೆ ಕುಡಿದವರಿಗೆ ಬಾಗದ ಬೆನ್ನು, ಸೊಟ್ಟ ಕಾಲು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಹಲ್ಲು ಕಪ್ಪಾದ ಹುಡುಗಿಗೆ ಗಂಡು ಸಿಗದಿದ್ದಾಗ ಮನೆಯವರು ಜಾತಕ ತಿರುವುತ್ತಾರೆ, ಹಿಂದಿನ ಜನ್ಮದ ಕರ್ಮ ಎನ್ನುತ್ತಾರೆ. ಕರ್ಮ ಇದ್ದೀತು. ಆದರೆ ಒಂದೇ ಕೊಳವೆಯ ನೀರು ಕುಡಿದ ಇಡೀ ಓಣಿಯ ಮಕ್ಕಳು ಹಿಂದಿನ ಜನ್ಮದಲ್ಲಿ ಕೂಡಿಕೊಂಡು ಪಾಪ ಮಾಡಿದ್ದರೇ? ಭಾರತದಲ್ಲಿ ಈ ಕಾಯಿಲೆಯನ್ನು ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲೇ ವೈದ್ಯರು ಗುರುತಿಸಿ ನೀರಿನ ಕಡೆ ಬೆರಳು ತೋರಿಸಿದ್ದರು.

ಪರಿಹಾರದ ಒಂದು ತುಣುಕು ಚನ್ನಗಿರಿಯಿಂದಲೇ ಬಂದಿದೆ. ಸೂಳೆಕೆರೆ, ಅಂದರೆ ಶಾಂತಿಸಾಗರದ ನೀರು ಚಿತ್ರದುರ್ಗ, ಜಗಳೂರುಗಳ ಬಾಯಾರಿಕೆಗೂ ಹರಿಯುತ್ತದೆ. ಮೇಲ್ಮೈಯ ಮಳೆನೀರಿಗೆ ಆಳದ ಬಂಡೆಯ ಸಹವಾಸ ಕಡಿಮೆ. ಈ ಕೆರೆ ಕಟ್ಟಿಸಿದವಳು ರಾಜಪುತ್ರಿ ಶಾಂತವ್ವ, ಜಾಗ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರು ಉಳಿಯಲಿ ಎಂದು ಕೇಳಿಕೊಂಡರು ಎಂದು ಐತಿಹ್ಯ. ಹೆಸರು ಉಳಿಸಿದ್ದು ಕಥೆ. ಕೆರೆ ಉಳಿಸಿದ್ದು ಜಾಗದ ಆಯ್ಕೆ: ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ಹರಿದ್ರಾವತಿ ಹಳ್ಳಕ್ಕೆ ಸುಮಾರು ಸಾವಿರ ಅಡಿಯ ದಪ್ಪ ಏರಿ, ಹಿಂದೆ ಸಾವಿರಾರು ಎಕರೆ ನೀರು. ಕಟ್ಟಿದವರಿಗೆ ವಿಜ್ಞಾನ ಎಂಬ ಪದ ಬೇಕಾಗಿರಲಿಲ್ಲ. ಹಳ್ಳದ ನಡೆಯನ್ನು ಅವರು ಹಲವು ಮಳೆಗಾಲ ನೋಡಿರಲೇಬೇಕು.

ಹಾಗಾದರೆ ದೇವರ ಕಥೆಯೇನಾಗಬೇಕು? ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರದ ಗುಡ್ಡದಲ್ಲಿ ಬೇಸಿಗೆಯಲ್ಲೂ ಒರತೆ ನಿಲ್ಲುವುದಿಲ್ಲ. ರಾಮ ಬಾಣ ಬಿಟ್ಟು ತೆಗೆದ ನೀರು ಎಂದು ಭಕ್ತರು ಬೊಗಸೆಯೊಡ್ಡುತ್ತಾರೆ. ಗುಡ್ಡದ ನೆತ್ತಿಯಲ್ಲಿ ಇಂಗಿದ ಮಳೆ ಬಂಡೆಯ ಬಿರುಕು ಹಿಡಿದು ನಿಧಾನ ಇಳಿದು ಇಳಿಜಾರಿನಲ್ಲಿ ಹೊರಬೀಳುವುದಕ್ಕೆ ಒರತೆ ಎನ್ನುತ್ತಾರೆ ಭೂವಿಜ್ಞಾನಿಗಳು. ಈ ಎರಡು ಮಾತುಗಳಿಗೆ ಜಗಳ ಹಚ್ಚುವ ಅಗತ್ಯವಿಲ್ಲ, ಏಕೆಂದರೆ ರಾಮನ ಬಾಣ ಯಾರ ಮೇಲೂ ಅಪವಾದ ಹೊರಿಸುವುದಿಲ್ಲ. ನಂಬಿಕೆಯನ್ನು ಅಳೆಯಲು ಇದೇ ಮಾನದಂಡ ಸಾಕೆನಿಸುತ್ತದೆ. ಗುಡ್ಡದ ಮೇಲಿನ ಕಾಡು ಬೋಳಾದರೆ ಮಾತ್ರ ಬಾಣದ ಕಥೆ ಒರತೆಯನ್ನು ಉಳಿಸಲಾರದು. ಆಗ ಬಿರುಕಿನ ಕಥೆ ಬೇಕು.

ಕಥೆಯೂ ಬೇಕು, ಕಾರಣವೂ ಬೇಕು ಎಂಬುದನ್ನು ಮಠಗಳೂ ಬಲ್ಲವು. ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆ ಉತ್ಸವ ಮೊದಲಾದದ್ದು 1950ರಲ್ಲಿ, ಇದೇ ಜಗಳೂರಿನಲ್ಲಿ. ಪಾಣಿನಿಯ ವ್ಯಾಕರಣಸೂತ್ರಗಳಿಗೆ ‘ಗಣಕಾಷ್ಟಾಧ್ಯಾಯಿ’ ತಂತ್ರಾಂಶ ಸಿದ್ಧಪಡಿಸಿದವರು ಅದೇ ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ. ತುಂಗಭದ್ರೆಯ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಯ ಬೆನ್ನು ಹತ್ತಿದವರೂ ಅವರೇ. ಹೊಳೆ ಏರಿ ಬರಲು ಬೇಕಾದದ್ದು ಪಂಪು, ಪೈಪು, ವಿದ್ಯುತ್ತು. ಸರ್ಕಾರದ ಬಾಗಿಲು ಬಡಿಯಲು ಬೇಕಾದದ್ದು ಕಾವಿಯ ಮಾತಿನ ತೂಕ.

ಜಲ ಜೀವನ್ ಮಿಷನ್ ಅಡಿ ನೀರಿನ ಪರೀಕ್ಷಾ ಕಿಟ್‌ಗಳು ಪಂಚಾಯ್ತಿಗಳಿಗೆ ಬಂದಿವೆ. ಬಳಸಲು ಊರಿನ ಹೆಣ್ಣುಮಕ್ಕಳಿಗೆ ತರಬೇತಿಯೂ ಇದೆ. ಈ ಸಲ ಗ್ರಾಮಸಭೆಗೆ ಹೋದಾಗ ನಿಮ್ಮ ಓಣಿಯ ಕೊಳವೆಯಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಕೇಳಿ. ಅಂಕಿ ಹೇಳದಿದ್ದರೆ ಮುಂದಿನ ಸಭೆಯಲ್ಲಿ ಮತ್ತೆ ಕೇಳಿ.