ಒಡೆತನವಿಲ್ಲದ ಹಂಚಿಕೆ

ಸ್ವಂತದ್ದಲ್ಲದ ವಸ್ತುವನ್ನು ದಾನ ಮಾಡಬಹುದೇ? ಧರ್ಮಶಾಸ್ತ್ರದ ಉತ್ತರ ಖಚಿತ: ತನ್ನ ಒಡೆತನವನ್ನು ಬಿಟ್ಟು, ಇನ್ನೊಬ್ಬರ ಒಡೆತನವನ್ನು ಉಂಟುಮಾಡಿದರೆ ಮಾತ್ರ ಅದು ದಾನ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಯಲ್ಲಿ ನಾನು ಕೊಂಡ ಗೇಮ್‌ಗಳಿಗೆ ಈ ಲಕ್ಷಣ ಹೊಂದದು. ದುಡ್ಡು ಕೊಟ್ಟು ಪಡೆದದ್ದು ಆಡುವ ಪರವಾನಗಿ ಮಾತ್ರ.

ಆದರೂ ಧಾರವಾಡದ ನಮ್ಮ ಮನೆಯಲ್ಲಿ ಆ ಗೇಮ್‌ಗಳನ್ನು ತಂಗಿಯೂ ಅಕ್ಕನ ಮಗನೂ ಆಡುತ್ತಾರೆ. 2024ರಲ್ಲಿ ಬಂದ ಸ್ಟೀಮ್ ಫ್ಯಾಮಿಲೀಸ್ ವ್ಯವಸ್ಥೆಯಲ್ಲಿ ಒಂದು ಮನೆಯ ಆರು ಮಂದಿಯವರೆಗೆ ಸಂಗ್ರಹವನ್ನು ಹಂಚಿಕೊಳ್ಳಬಹುದು. ಬೇರೆ ಬೇರೆ ಗೇಮ್‌ಗಳನ್ನು ಒಂದೇ ಹೊತ್ತಿಗೆ ಆಡಬಹುದು. ಒಂದೇ ಪ್ರತಿಯನ್ನು ಇಬ್ಬರು ಒಟ್ಟಿಗೆ ಆಡುವಂತಿಲ್ಲ. ತಂಗಿ ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಹೊಲ ಬಿತ್ತುತ್ತಿದ್ದರೆ ನಾನು ಕಾಯಬೇಕು. “ಅಣ್ಣಾ, ಇದೊಂದು ಬೆಳಿ ಕೊಯ್ದು ಬಿಡ್ತೀನಿ, ತಡಿ” ಅನ್ನುತ್ತಾಳೆ. ನಾನು ನಿಜವಾಗಿ ಕೊಡುತ್ತಿರುವುದು ನನ್ನ ಸರದಿಯನ್ನು.

ಇನ್ನೊಂದು ನಿಯಮ ಮತ್ತೂ ಗಂಭೀರ. ನನ್ನ ಪ್ರತಿಯಲ್ಲಿ ಆಡುವಾಗ ಮನೆಯವರು ಮೋಸ ಮಾಡಿ ನಿಷೇಧಕ್ಕೊಳಗಾದರೆ, ಆ ಗೇಮ್‌ನಲ್ಲಿ ನನಗೂ ನಿಷೇಧ. ಮಾಡಿದವರಿಗೇ ಕರ್ಮಫಲ ಎಂದು ಕೇಳಿ ಬೆಳೆದವನು ನಾನು. ಇಲ್ಲಿ ಹಂಚಿಕೊಂಡವನು ಇನ್ನೊಬ್ಬರ ನಡತೆಯ ಹೊಣೆಯನ್ನೂ ಹೊರಬೇಕು. ಅಕ್ಕನ ಮಗನಿಗೆ ಆಟ ತೆರೆದುಕೊಟ್ಟಾಗ ನಾನು ಅವನ ಪ್ರಾಮಾಣಿಕತೆಗೆ ಜಾಮೀನು ನಿಂತಿದ್ದೇನೆ.

ಶರಣರ ದಾಸೋಹ ಈ ಹಂಚಿಕೆಗೆ ದಾನಕ್ಕಿಂತ ಹತ್ತಿರ. ದಾಸೋಹದಲ್ಲಿ ಕೊಡುವವನಿಗೆ ತಾನು ಒಡೆಯನೆಂಬ ಭಾವವಿಲ್ಲ. ಕೊಟ್ಟೆನೆಂಬ ಅಹಂಕಾರಕ್ಕೂ ಜಾಗವಿಲ್ಲ. ಒಡೆತನವಿಲ್ಲದೆಯೂ ಔದಾರ್ಯ ಸಾಧ್ಯ ಎಂಬುದು ನನ್ನ ದೃಢ ನಂಬಿಕೆ. ಸಂಗ್ರಹ ಹಂಚಿಕೊಳ್ಳುವವರಲ್ಲಿ ನನ್ನ ವಿನಂತಿ: ಸರದಿ ಕೊಡಿ, ನಂಬಿಕೆ ಇಡಿ, ಕೊಟ್ಟದ್ದನ್ನು ಎಣಿಸಬೇಡಿ.