ಊರು ಎಷ್ಟು ದೂರ?

ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ನಿಲ್ದಾಣಕ್ಕೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 375 ಕಿಲೋಮೀಟರು. ಸಾತಾರಾ, ಕೊಲ್ಹಾಪುರ, ಬೆಳಗಾವಿಗಳನ್ನು ಹಾಯ್ದು ಹೆದ್ದಾರಿಯಲ್ಲಿ ಹೋದರೆ ಸುಮಾರು 430. ಗಂಟೆಗೆ 500 ಕಿ.ಮೀ. ವೇಗದ ಚಿಕ್ಕ ವಿಮಾನಕ್ಕೆ ಇದು ಮುಕ್ಕಾಲು ಗಂಟೆಯ ದಾರಿಯೆಂದು ಶಾಲೆಯ ಹುಡುಗನೂ ಭಾಗಿಸಿ ಹೇಳಿಯಾನು. ವೇಳಾಪಟ್ಟಿ ಮಾತ್ರ ಅದಕ್ಕಿಂತ ಹೆಚ್ಚು ತೋರಿಸುತ್ತದೆ. ವಿಮಾನವು ನಿಂತ ಜಾಗದಿಂದ ಕದಲಿದಂದಿನಿಂದ ಇನ್ನೊಂದೆಡೆ ಹೋಗಿ ನಿಲ್ಲುವವರೆಗಿನ ಹೊತ್ತೆಲ್ಲ ಅದರ ಲೆಕ್ಕಕ್ಕೆ ಸೇರುತ್ತದೆ. ರನ್‌ವೇಯತ್ತ ಉರುಳುವುದು, ಮೇಲೇರುವುದು, ಇಳಿಯುವಾಗ ಸುತ್ತು ಹಾಕುವುದು ಎಲ್ಲ ಅದರಲ್ಲೇ ಬಂತು. ಮನೆಯಿಂದ ಧಾರವಾಡದ ಮನೆಗೆ ಎಂದು ಹಿಡಿದರೆ ಐದು ತಾಸು. ಆದರೂ ರಾತ್ರಿ ಬಸ್ಸಿಗಿಂತ ಕಡಿಮೆಯೇ.

ನಮ್ಮ ಹಿರಿಯರು ಮೀರಜಿನಲ್ಲಿ ಗಾಡಿ ಬದಲಿಸಿ ಊರಿಗೆ ಹೋಗುತ್ತಿದ್ದರು. ಆ ಕಡೆ ಬ್ರಾಡ್‌ಗೇಜು, ಈ ಕಡೆ ಮೀಟರ್‌ಗೇಜು. ಟ್ರಂಕು, ಹಾಸಿಗೆ, ಮಕ್ಕಳು ಎಲ್ಲವನ್ನೂ ಇಳಿಸಿ ಮತ್ತೆ ಹತ್ತಿಸಬೇಕು. ಅಷ್ಟು ತ್ರಾಸು ಪಟ್ಟು ಹೋದವರು ಹದಿನೈದು ದಿನವಾದರೂ ಇದ್ದೇ ಬರುತ್ತಿದ್ದರು. ನಾವು ಶನಿವಾರ ಇಳಿದು ರವಿವಾರ ಹಾರುತ್ತೇವೆ. ಹೊಸ್ತಿಲು ದಾಟುವ ಮೊದಲೇ ನಮ್ಮ ಅವ್ವ ಕೇಳುವ ಮಾತು: "ಬಂದೀ? ಮತ್ತ ಯಾವಾಗ ಹೊಂಟಿ?" ಉಳಿಸಿದ ಆ ತಾಸುಗಳು ಎಲ್ಲಿ ಹೋದವೆಂದು ನಾವು ಬಿ.ಎಸ್ಸಿ. ಓದಿದವರೂ ಲೆಕ್ಕ ಕೊಡಲಾರೆವು.

ಹೋದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆಸ್ಪತ್ರೆಗೆ ಸೇರಿಸಿದವರು ನೆರೆಮನೆಯವರು. ನಮಗೆ ತಿಳಿದದ್ದು ಎರಡು ದಿನದ ಮೇಲೆ. ಯಾಕೆ ಹೇಳಲಿಲ್ಲವೆಂದು ಫೋನಿನಲ್ಲಿ ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆವು. "ನಿಮಗ್ಯಾಕ ತ್ರಾಸಂತ ಸುಮ್ಮನಾದೆಪಾ. ದೂರ ಅದ ಅಲ್ಲಾ," ಎಂದರು.

ಆ ಮಾತು ಅವರದಲ್ಲ, ನಮ್ಮದು. ಇಪ್ಪತ್ತು ವರ್ಷ ಯುಗಾದಿಗೆ, ಪಂಚಮಿಗೆ, ಅಪ್ಪನ ಶ್ರಾದ್ಧಕ್ಕೆ ಕೂಡ ನಾವೇ ಹೇಳಿ ಹೇಳಿ ಅವರಿಗೆ ಕಲಿಸಿದ್ದೆವು.

1972ರಲ್ಲಿ ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯದ ತತ್ತ್ವಚಿಂತಕರು ಪೂರ್ವ ಬಂಗಾಲದ ನಿರಾಶ್ರಿತರನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ನೆರವು ಬೇಕಾದವನು ದೂರವಿದ್ದಾನೆ ಎಂಬಷ್ಟಕ್ಕೇ ನಮ್ಮ ಕರ್ತವ್ಯ ಕಡಿಮೆಯಾಗದು ಎಂಬುದು ಅವರ ವಾದ. ಪರದೇಶದ ಅಪರಿಚಿತರ ವಿಷಯದಲ್ಲೇ ಹೀಗೆಂದ ಮೇಲೆ 375 ಕಿಲೋಮೀಟರಿನ ಹೆತ್ತವಳ ವಿಷಯದಲ್ಲಿ ಏನನ್ನೋಣ? ವಿಮಾನ ಬಂದು ನಮ್ಮ ಕರ್ತವ್ಯವನ್ನೇನೂ ಹೆಚ್ಚಿಸಲಿಲ್ಲ. ಅದು ಮೀರಜಿನ ಕಾಲದಲ್ಲೂ ಇಷ್ಟೇ ಇತ್ತು. ನಮ್ಮ ನೆಪವನ್ನಷ್ಟೇ ಕಿತ್ತುಕೊಂಡಿತು. ಸಂಬಳ, ರಜೆ, ಮಕ್ಕಳ ಪರೀಕ್ಷೆ ಇವು ಸುಳ್ಳಲ್ಲ, ನಿಜವಾದ ಅಡಚಣೆಗಳೇ. ಹಾಗಾದರೆ ಅವನ್ನೇ ಹೇಳಬೇಕಿತ್ತು. ದೂರದ ಮೇಲೆ ಹಾಕಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲವೆಂದು ಅದನ್ನು ಮುಂದೆ ಮಾಡಿದೆವು.

ನಮ್ಮ ಸೇವಾ ಪುಸ್ತಕದಲ್ಲಿ 'ಸ್ವಂತ ಊರು: ಧಾರವಾಡ' ಎಂದು ಬರೆದಿದೆ. ಎರಡು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿಬರಲು ಸರಕಾರವೇ ಪ್ರವಾಸ ಭತ್ಯೆ ಕೊಡುತ್ತದೆ. ಹಿಂದಿನ ಸಲದ್ದನ್ನು ನಾವು ಬಳಸದೆ ಬಿಟ್ಟಿದ್ದೆವು. ಶ್ರಾವಣದಲ್ಲಿ ಹದಿನೈದು ದಿನದ ಗಳಿಕೆ ರಜೆಗೆ ಈಗ ಅರ್ಜಿ ಕೊಟ್ಟಿದ್ದೇವೆ. ರೈಲೋ ವಿಮಾನವೋ, ಮನೆಯಲ್ಲಿ ಇನ್ನೂ ಚರ್ಚೆ ನಡೆದಿದೆ.