ಸಿರಿಯ ನಡುವಿನ ಬಡವರು ಯಾರು?

ಬರ ಬಿದ್ದ ಊರಿನಲ್ಲಿ ಬಡತನವಿದ್ದರೆ ಯಾರೂ ಕಾರಣ ಕೇಳುವುದಿಲ್ಲ. ಮಳೆಯಿಲ್ಲ, ಬೆಳೆಯಿಲ್ಲ, ಆದ್ದರಿಂದ ಕಣಜದಲ್ಲಿ ಕಾಳಿಲ್ಲ. ಆದರೆ ಕಣಜ ತುಂಬಿರುವ ಕಡೆಯಲ್ಲಿಯೂ ಹಸಿದವರಿದ್ದಾರೆಂದರೆ, ಅದು ನೀತಿಯ ಪ್ರಶ್ನೆಯಾಗುತ್ತದೆ. ಅಲ್ಲಿ ಬಡತನ ಏಕೆ ಇದೆ ಎಂದು ಕೇಳಿದರೆ ಸಾಲದು. ಅದು ಯಾರ ಪಾಲಿಗೆ ಬಂದಿದೆ ಎಂದೂ ಕೇಳಬೇಕಾಗುತ್ತದೆ.

ಜಗತ್ತಿನ ಅತ್ಯಂತ ಸಂಪನ್ನ ದೇಶವೆನಿಸಿದ ಅಮೆರಿಕದಲ್ಲಿ, ಅಲ್ಲಿನ ಸರಕಾರದ್ದೇ ಲೆಕ್ಕದ ಪ್ರಕಾರ, 2023ರಲ್ಲಿ ಸುಮಾರು ಮೂರೂಮುಕ್ಕಾಲು ಕೋಟಿ ಜನ ಬಡತನದ ರೇಖೆಗಿಂತ ಕೆಳಗಿದ್ದರು. ಮೈಕೇಲ್ ಹ್ಯಾರಿಂಗ್‌ಟನ್ ಎಂಬ ಲೇಖಕ 1962ರಲ್ಲಿಯೇ ಈ ಬಡವರ ಕುರಿತು ಒಂದು ಪುಸ್ತಕ ಬರೆದು, ಅವರು ಉಳಿದವರ ಕಣ್ಣಿಗೆ ಬೀಳದಂತಾಗಿದ್ದಾರೆ ಎಂದು ತೋರಿಸಿದ್ದ. ಎರಡು ವರ್ಷಗಳ ಬಳಿಕ ಅಧ್ಯಕ್ಷ ಜಾನ್ಸನ್ ಬಡತನದ ವಿರುದ್ಧ ಯುದ್ಧವನ್ನೇ ಸಾರಿದರು. ಆದರೂ ಅದು ಅಳಿಯಲಿಲ್ಲ. ಸಂಪತ್ತು ಹೆಚ್ಚಿದರೆ ಬಡತನ ತಾನಾಗಿ ಕರಗುತ್ತದೆ ಎಂಬ ನಂಬಿಕೆಯನ್ನು ನಾವು ಇಷ್ಟರಿಂದಲೇ ಸಂಶಯದಿಂದ ನೋಡಬಹುದು.

ಆದರೆ ಇದನ್ನು ತಿಳಿಯಲು ಸಾಗರ ದಾಟಬೇಕಾಗಿಲ್ಲ, ರಬಾಳೆ ಸಾಕು. ಒಂದು ಕಡೆ ಖಾಡಿ, ಇನ್ನೊಂದು ಕಡೆ ಪಾರಸಿಕದ ಗುಡ್ಡಗಳು; ನಡುವೆ ಥಾಣೆ–ಬೇಲಾಪುರ ರಸ್ತೆ, ಎಂ.ಐ.ಡಿ.ಸಿ.ಯ ಕಾರಖಾನೆಗಳು, 2004ರಲ್ಲಿ ಆರಂಭವಾದ ರೈಲುದಾರಿ. ನೆರೆಯ ಐರೋಲಿಯಲ್ಲಿ ಗಾಜಿನ ಗೋಡೆಗಳ ಕಚೇರಿಗಳು. 1970ರಲ್ಲಿ ಸಿಡ್ಕೊ ಸ್ಥಾಪನೆಯಾದಾಗ ಹಳ್ಳಿ, ಗದ್ದೆ, ಉಪ್ಪಿನ ಆಗರಗಳಿದ್ದ ಈ ಸೀಮೆಯಲ್ಲಿ ಇಂದು ನಗರ ನಿಂತಿದೆ. ಅದರ ಕಲ್ಲು ಒಡೆದವರು, ಗಾರೆ ಕಲಸಿದವರು ಯಾರು? ಬೆಳಗಿನ ಹೊತ್ತು ಈ ಪಟ್ಟಿಯ ನಾಕಾಗಳಲ್ಲಿ ಕೆಲಸಕ್ಕಾಗಿ ಕಾದು ನಿಂತವರ ನಡುವೆ ಕಿವಿಗೊಟ್ಟರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳಿಬರುತ್ತದೆ.

“ಊರಿಗಿಂತ ಇಲ್ಲಿ ಕೂಲಿ ಹೆಚ್ಚು, ಇಲ್ಲದಿದ್ದರೆ ಅವರು ಬರುತ್ತಿದ್ದರೇ?” ಎಂದು ಕೇಳುವವರಿದ್ದಾರೆ. ಮಾತು ನಿಜ. ಆದರೆ ಶ್ರೀಮಂತ ಊರಿನಲ್ಲಿ ಬಡವನಾಗಿರುವುದಕ್ಕೂ ಹೆಚ್ಚು ಬೆಲೆ ತೆರಬೇಕು. ನಳವಿಲ್ಲದವನು ಕೊಡದ ಲೆಕ್ಕದಲ್ಲಿ ನೀರು ಕೊಳ್ಳುತ್ತಾನೆ; ಅದು ನಳದ ನೀರಿಗಿಂತ ದುಬಾರಿ. ಮುಂಗಡ ಹಣವಿಲ್ಲದವನು ಹತ್ತಡಿ ಕೋಣೆಗೂ ಬಾಯಿಗೆ ಬಂದಷ್ಟು ಬಾಡಿಗೆ ಕೊಡುತ್ತಾನೆ. ರಂಗರಾಜನ್ ಸಮಿತಿ 2014ರಲ್ಲಿ ಬಡತನದ ರೇಖೆ ಎಳೆದಾಗ ಹಳ್ಳಿಗೆ ದಿನಕ್ಕೆ 32 ರೂಪಾಯಿ, ಪಟ್ಟಣಕ್ಕೆ 47 ರೂಪಾಯಿ ಎಂದಿತು. ಈ ಲೆಕ್ಕದಲ್ಲಿ ರಬಾಳೆಯ ಕೂಲಿಯವನು ಬಡವನೇ ಅಲ್ಲವಾಗಬಹುದು! ಆದರೆ ವಾರ ಕಾಲ ಜ್ವರ ಬಂದು ಮಲಗಿದರೆ ಅವನ ಗತಿಯೇನೆಂಬುದನ್ನು ಯಾವ ರೇಖೆಯೂ ಹೇಳುವುದಿಲ್ಲ.

ಹಾಗಾದರೆ ಅವನಿಗೆ ಆಸರೆಯಿಲ್ಲವೇ? ಕಾಗದದ ಮೇಲೆ ಇದೆ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಷ್ಟು ಸುಂಕ ತೆಗೆದು ಕಟ್ಟಡ ಕಾರ್ಮಿಕರ ಕ್ಷೇಮಕ್ಕೆ ಬಳಸಬೇಕೆಂದು 1996ರಲ್ಲಿ ಕಾಯ್ದೆಗಳಾದವು. 2018ರಲ್ಲಿ ಸುಪ್ರೀಂ ಕೋರ್ಟು ಲೆಕ್ಕ ಕೇಳಿದಾಗ, ದೇಶದಲ್ಲಿ ಸಂಗ್ರಹವಾಗಿದ್ದ 37,400 ಕೋಟಿ ರೂಪಾಯಿಗೂ ಮೀರಿದ ಹಣದಲ್ಲಿ ಖರ್ಚಾಗಿದ್ದುದು ಸುಮಾರು 9,500 ಕೋಟಿ ಮಾತ್ರ. ಹಣವಿತ್ತು, ಹಣಕ್ಕೆ ಹಕ್ಕುದಾರರೂ ಇದ್ದರು; ನಡುವೆ ಒಂದು ಪುರಾವೆ ಅಡ್ಡ ನಿಂತಿತ್ತು. ಹೆಸರು ನೋಂದಾಯಿಸಲು ಹಿಂದಿನ ವರ್ಷದಲ್ಲಿ 90 ದಿನ ಈ ಕೆಲಸ ಮಾಡಿರಬೇಕೆಂದು ನಿಯಮ. ದಿನಕ್ಕೊಬ್ಬ ಧಣಿಯ ಕೈಕೆಳಗೆ ದುಡಿಯುವವನಿಗೆ ಆ 90 ದಿನಗಳಿಗೆ ಯಾರು ಸಹಿ ಹಾಕಿಕೊಡುತ್ತಾರೆ?

ಪಡಿತರದ ಕಥೆಯೂ ಹೀಗೆಯೇ. 2020ರ ಜನವರಿಯಿಂದ ಕರ್ನಾಟಕದ ರೇಶನ್ ಕಾರ್ಡಿಗೆ ಮಹಾರಾಷ್ಟ್ರದಲ್ಲಿ ಧಾನ್ಯ ಪಡೆಯಬಹುದು. ಆದರೆ ಆ ವಿಷಯ ತಿಳಿದಿರಬೇಕು, ಮರಾಠಿಯಲ್ಲಿ ಕೇಳಲು ಬರಬೇಕು, ಬೆರಳಿನ ಗುರುತು ಯಂತ್ರಕ್ಕೆ ಹಿಡಿಸಬೇಕು. ಸಿಮೆಂಟು ಮುಟ್ಟಿ ಮುಟ್ಟಿ ಸವೆದ ಬೆರಳನ್ನು ಯಂತ್ರ ಗುರುತಿಸದೆ ಹೋಗುವುದುಂಟು. ದುಡಿಮೆಯೇ ದುಡಿದವನ ಗುರುತನ್ನು ಅಳಿಸಿಬಿಡುವುದಕ್ಕಿಂತ ದೊಡ್ಡ ವಿಪರ್ಯಾಸ ಬೇಕೆ?

ಸಿರಿಯ ನಡುವಿನ ಬಡವನೆಂದರೆ ತನ್ನ ಪರವಾಗಿ ಸಾಕ್ಷಿ ನುಡಿಯುವವರಿಲ್ಲದವನು ಎಂದು ನಮಗನ್ನಿಸುವುದು ಇದರಿಂದಲೇ. ವಲಸೆ ಬಂದ ಮನೆತನಗಳಾದ ನಮಗೆ ಈ ಮಾತು ಅರ್ಥವಾಗಬೇಕು. ಉಡುಪಿ, ಕುಂದಾಪುರದ ಕಡೆಯಿಂದ ಬರಿಗೈಯಲ್ಲಿ ಮುಂಬಯಿಗೆ ಬಂದ ಹುಡುಗರಿಗೆ ಊರಿನವರ ಹೋಟೆಲಿನಲ್ಲಿ ಕೆಲಸವೂ ಮಲಗಲು ಜಾಗವೂ ಸಿಕ್ಕಿತು. ಕನ್ನಡ ರಾತ್ರಿಶಾಲೆಗಳು ಅಕ್ಷರ ಕಲಿಸಿದವು. ಇದರ ಹಿಂದೆ ಇದ್ದದ್ದು “ಇವನು ನಮ್ಮವನು” ಎಂಬ ಒಂದು ಮಾತು. ಆ ಮಾತೇ ಅವರ ಮೊದಲ ಬಂಡವಾಳ. ಕಲಬುರಗಿಯ ಗೌಂಡಿಗೆ, ಅವನ ಜೊತೆ ಬುಟ್ಟಿ ಹೊರುವ ಹೆಂಡತಿಗೆ, ಆ ಮಾತು ಸಲ್ಲುವುದೇ?

ದುಡಿದರೆ ಬಡತನವಿಲ್ಲ ಎಂದು ಹೇಳುತ್ತ ಕಾಯಕದ ಹಿರಿಮೆಯನ್ನು ನಾವು ಕೊಂಡಾಡುತ್ತೇವೆ. ಕಾಯಕದ ಜೊತೆಗೆ ದಾಸೋಹವನ್ನೂ ಶರಣರು ಇರಿಸಿದ್ದರು. ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಬೇಕಾದಷ್ಟಕ್ಕಿಂತ ಮಿಕ್ಕಿದ್ದನ್ನು ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂದು ಕಥೆಯಿದೆ. ಮಿಕ್ಕಿದ್ದು ತನ್ನದಲ್ಲವೆಂಬ ಅರಿವು ಬಡವರ ಮನೆಯಲ್ಲಿತ್ತು. ತುಂಬಿದ ಪೆಟ್ಟಿಗೆಯ ಕಾವಲುಗಾರರಿಗೆ ಅದನ್ನು ಯಾರು ಕಲಿಸಬೇಕು?

ಸಂಘಗಳು ಯಕ್ಷಗಾನ, ರಾಜ್ಯೋತ್ಸವಗಳಿಗೆ ಮಾತ್ರ ಎನ್ನುವವರೊಡನೆ ನಮಗೆ ಜಗಳವಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಎರಡು ತಾಸು ಒಂದು ಮೇಜು ಹಾಕಿ, ಕನ್ನಡವೂ ಮರಾಠಿಯೂ ಬಲ್ಲ ಇಬ್ಬರು ಕುಳಿತು, ಅರ್ಜಿ ತುಂಬಿಸಿಕೊಟ್ಟರೆ ಯಾವ ಕಲೆಗೂ ಊನವಾಗದು. ನಮ್ಮಲ್ಲಿ ಕಂತ್ರಾಟುದಾರರಿದ್ದಾರೆ, ತಮ್ಮಲ್ಲಿ ದುಡಿದವನ ದಿನಗಳನ್ನು ಬರೆದು ಸಹಿ ಹಾಕಲು ಅವರಿಗೆ ಕಾಸೂ ಖರ್ಚಾಗದು.

ಇಷ್ಟರಿಂದ ಎಲ್ಲವೂ ಸರಿಹೋಗುವುದಿಲ್ಲ ಎಂಬುದೂ ನಿಜ. ಒಬ್ಬನ ಹಕ್ಕು ಇನ್ನೊಬ್ಬನ ದಯೆಯನ್ನು ಕಾಯುವಂತಿರಬಾರದು. ದುಡಿದವನ ಮಾತನ್ನು ಮೊದಲು ನಂಬಿ, ಅಲ್ಲವೆನ್ನುವವರಿಂದ ಪುರಾವೆ ಕೇಳುವುದೇ ನ್ಯಾಯ. ಕಾನೂನು ಅಲ್ಲಿಯವರೆಗೆ ಬೆಳೆಯುವ ತನಕ, ನಾಕಾದಲ್ಲಿ ನಿಂತವನಿಗೆ ಒಬ್ಬ ಸಾಕ್ಷಿಯಾದರೂ ಬೇಕು. ಅವನ ಭಾಷೆ ಬಲ್ಲ ನಾವು ಇಲ್ಲಿ ಸಾವಿರಾರು ಮಂದಿ ಇದ್ದೇವೆ.